ಮಳೆಯ ಆಗುಂಬೆ ಇಳಿಯುವಾಗ

ಆಷಾಢದ ಆಗುಂಬೆಯಲ್ಲಿ ಹಗಲಿಗೂ ಮುಸ್ಸಂಜೆಗೂ ಹೆಚ್ಚು ವ್ಯತ್ಯಾಸವಿಲ್ಲ. ತೀರ್ಥಹಳ್ಳಿ ಕಡೆಯಿಂದ ಬರುವವರಿಗೆ ಊರಿಗಿಂತ ಮೊದಲು ಮಂಜೇ ಎದುರಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಪುಟ್ಟ ಊರಿಗೆ ‘ದಕ್ಷಿಣದ ಚಿರಾಪುಂಜಿ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಊರು ದಾಟಿದೊಡನೆ ರಸ್ತೆ 14 ಹೇರ್‌ಪಿನ್ ತಿರುವುಗಳಲ್ಲಿ ಸುತ್ತುತ್ತ ಸೋಮೇಶ್ವರದತ್ತ ಧುಮುಕುತ್ತದೆ.

‘ಹತ್ತುವ ಗೇರಿನಲ್ಲೇ ಇಳಿಯಬೇಕು’ ಎಂಬುದು ಘಾಟಿ ಚಾಲಕರ ಹಳೆಯ ಪಾಠ. ಆದರೆ ಈಗ ಈ ದಾರಿಯಲ್ಲಿ ಹೈಬ್ರಿಡ್ ಕಾರುಗಳೂ ಇಳಿಯುತ್ತಿವೆ. ಅವುಗಳ ಬ್ರೇಕಿನ ಸ್ವಭಾವವೇ ಬೇರೆ.

ಇದೇ ಬೆಟ್ಟಸಾಲಿನ ಹೊಸಂಗಡಿಯಲ್ಲಿ ವಾರಾಹಿಯ ನೀರು ಎತ್ತರದಿಂದ ಬಿದ್ದು ವಿದ್ಯುತ್ತಾಗುತ್ತದೆ. ಇಳಿಯುವ ಹೈಬ್ರಿಡ್ ಕಾರಿನದೂ ಅದೇ ಕಥೆ. ಬ್ರೇಕ್ ಮೆಲ್ಲನೆ ಒತ್ತಿದಾಗ ಮೋಟಾರು ಜನರೇಟರ್ ಆಗಿ ತಿರುಗಿ ಬ್ಯಾಟರಿ ತುಂಬುತ್ತದೆ, ಕಾರಿನ ವೇಗವೂ ತಗ್ಗುತ್ತದೆ. ಜೋರಾಗಿ ಒತ್ತಿದರೆ ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. 1,500 ಕಿಲೋಗ್ರಾಂ ತೂಕದ ಕಾರು ಸುಮಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್, ಅಂದರೆ 2 ಯೂನಿಟ್ ವಿದ್ಯುತ್ತಿನಷ್ಟು. ಪ್ಲಗ್ ಹಾಕಿ ಚಾರ್ಜ್ ಮಾಡದ ಹೈಬ್ರಿಡ್‌ಗಳ ಬ್ಯಾಟರಿ ಸಾಮಾನ್ಯವಾಗಿ ಒಂದು, ಒಂದೂವರೆ ಯೂನಿಟ್ಟಿನದು. ಬಳಕೆಗೆ ಸಿಗುವುದು ಅದರಲ್ಲೂ ಒಂದು ಭಾಗ ಮಾತ್ರ. ಹೀಗಾಗಿ ಘಾಟಿ ಮುಗಿಯುವ ಮೊದಲೇ ಅದು ತುಂಬಿಬಿಡಬಹುದು. ಆಗ ಮೋಟಾರಿನ ತಡೆ ಕಡಿಮೆಯಾಗಿ, ಭಾರವೆಲ್ಲ ಎಂಜಿನ್ ಮತ್ತು ಪ್ಯಾಡುಗಳ ಮೇಲೆ ಬೀಳುತ್ತದೆ. ಅನೇಕ ಹೈಬ್ರಿಡ್‌ಗಳ ಗೇರಿನಲ್ಲಿ ಕಾಣುವ ‘ಬಿ’ ಅಕ್ಷರ ಇದಕ್ಕಾಗಿಯೇ ಇದೆ. ಅದು ಎಂಜಿನ್ನಿನಿಂದ ವೇಗ ತಗ್ಗಿಸುತ್ತದೆ. ಹಳೆಯ ಚಾಲಕರ ಸಣ್ಣ ಗೇರಿನ ಹೊಸ ರೂಪ.

ಇದರ ಮೇಲೆ ಮಳೆ. ಮೋಟಾರಿನ ತಡೆ ಅದು ತಿರುಗಿಸುವ ಚಕ್ರಗಳಿಗೆ ಮಾತ್ರ, ಬಹುತೇಕ ಮುಂದಿನವುಗಳಿಗೆ. ಒದ್ದೆ ಎಲೆಯ ಮೇಲೋ ಗುಂಡಿಯ ಅಂಚಿನಲ್ಲೋ ಚಕ್ರ ಜಾರಿದರೆ ಕಂಪ್ಯೂಟರ್ ಆ ತಡೆಯನ್ನು ಬಿಟ್ಟು ಪ್ಯಾಡುಗಳಿಗೆ ಕೆಲಸ ಒಪ್ಪಿಸುತ್ತದೆ. ಆ ಕ್ಷಣ ಕಾರು ಮುಂದಕ್ಕೆ ನುಗ್ಗಿದಂತೆ ಭಾಸವಾಗುತ್ತದೆ. 2010ರಲ್ಲಿ ಜಪಾನಿನ ಟೊಯೊಟಾ ಕಂಪನಿ ಇಂಥದೇ ದೂರುಗಳಿಂದಾಗಿ ಪ್ರಿಯಸ್ ಮತ್ತಿತರ ಹೈಬ್ರಿಡ್ ಕಾರುಗಳನ್ನು ವಾಪಸು ಕರೆಸಿ ಬ್ರೇಕಿನ ಸಾಫ್ಟ್‌ವೇರ್ ಬದಲಿಸಿತ್ತು. ಆಗ ಗಾಬರಿಯಿಂದ ಕಾಲು ತೆಗೆಯುವುದೇ ದೊಡ್ಡ ತಪ್ಪು. ಪೆಡಲನ್ನು ಬಿಡದೆ ಗಟ್ಟಿಯಾಗಿ ಒತ್ತಿಹಿಡಿಯಬೇಕು.

ಇನ್ನೊಂದು ಸೂಕ್ಷ್ಮ. ಮೋಟಾರೇ ಹೆಚ್ಚು ದುಡಿಯುವುದರಿಂದ ಡಿಸ್ಕುಗಳಿಗೆ ಬಿಡುವು ಹೆಚ್ಚು; ಮಲೆನಾಡಿನ ತೇವದಲ್ಲಿ ಅವುಗಳ ಮೇಲೆ ತುಕ್ಕಿನ ತೆಳು ಪದರ ಕೂರುತ್ತದೆ. ಇಳಿಯುವ ಮೊದಲು, ಹಿಂದೆ ವಾಹನವಿಲ್ಲದಾಗ, ನಾಲ್ಕಾರು ಬಾರಿ ಬ್ರೇಕ್ ಒತ್ತಿ ಅವನ್ನು ಒರೆಸಿಕೊಳ್ಳುವುದು ಜಾಣತನ.

ಯಾವ ಯಂತ್ರವೂ ಟೈರು ಮತ್ತು ರಸ್ತೆಯ ಘರ್ಷಣೆಯನ್ನು ಮೀರಲಾರದು. ಘರ್ಷಣಾಂಕ ಒಣ ರಸ್ತೆಯಲ್ಲಿ 0.7, ಒದ್ದೆಯಲ್ಲಿ 0.4 ಎಂದಿಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಸಮತಟ್ಟಿನಲ್ಲಿ ನಿಲ್ಲಲು 9 ಮೀಟರಿನ ಬದಲು 16 ಮೀಟರ್ ಬೇಕು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ವೇಗವನ್ನು 20ಕ್ಕೆ ಇಳಿಸಿದರೆ ಆ 16 ಮೀಟರ್ 4 ಆಗುತ್ತದೆ.

ಕೊನೆಯ ತಿರುವು ದಾಟಿದಾಗ ಮಂಜು ಹರಿದು ಸೋಮೇಶ್ವರದ ಕಾಡು ಕಾಣಿಸುತ್ತದೆ. ಐದು ನಿಮಿಷ ತಡವಾಗಿ ತಲುಪಿದವರಿಗೂ ಆ ಹಸಿರು ಅಷ್ಟೇ ಚೆಂದ.