ಅಲೆಯ ದುಡಿಮೆ

ಹರಿಹರದ ನೆರೆಯ ಗುತ್ತೂರಿನವರಿಗೆ ವಿದ್ಯುತ್ತೆಂದರೆ ತಂತಿ. ಊರ ಬಳಿಯ 400 ಕಿಲೋವೋಲ್ಟಿನ ದೊಡ್ಡ ಸ್ಟೇಷನ್ನಿಗೆ ಘಟ್ಟದಾಚೆಯ ಕೈಗಾದಿಂದಲೂ ತಂತಿಗಳು ಬಂದಿವೆ. ಉಕ್ಕಿನ ಗೋಪುರಗಳು ಹೊಲಗದ್ದೆಗಳ ನಡುವೆ ಕಾಲೂರಿ ನಿಂತಿವೆ. ಅವುಗಳ ನೆರಳಿನಲ್ಲಿ ಬದುವಿನ ಮೇಲೆ ನಡೆದೇ ತಲೆ ನರೆತ ಅಜ್ಜನಿಗೆ, ತಂತಿಯೇ ಇಲ್ಲದೆಡೆ ವಿದ್ಯುತ್ತು ಹುಟ್ಟುತ್ತದೆಂದರೆ ನಂಬಿಕೆ ಬರುವುದಾದರೂ ಹೇಗೆ?

ಅಜ್ಜನ ಮೊಮ್ಮಗ ಮಲ್ಪೆಯ ಮೀನುದೋಣಿಯಲ್ಲಿ ಕೂಲಿಯಾಳು. ಹಬ್ಬಕ್ಕೆ ಬಂದವನು ಮುದುಕನ ಭಯ ಕಳೆಯಲೆಂದು ಹೇಳಿದ: ಕಡಲಿನಲ್ಲಿ ತೇಲುವ ಯಂತ್ರಗಳುಂಟು, ಅವು ಅಲೆಯ ಎತ್ತರವನ್ನೂ ಗಾಳಿಯ ಬಿರುಸನ್ನೂ ಅಳೆದು ದಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದಿಂದ ಎಚ್ಚರಿಕೆ ಬಂದರೆ ದೋಣಿ ಹೊರಡುವುದಿಲ್ಲ.

"ಅದೆಲ್ಲಾ ಸರಿ ತಮ್ಮಾ, ಆ ಯಂತ್ರಕ್ಕೆ ಕರೆಂಟು ಎಲ್ಲಿಂದ? ನೀರಾಗೆ ಕಂಬ ನೆಟ್ಟಾರೇನು?"

ಮೊಮ್ಮಗ ನಕ್ಕ. ಆದರೆ ಇದು ನಗುವ ಪ್ರಶ್ನೆಯಲ್ಲ. ಇಂಥ ಯಂತ್ರಗಳು ಹೆಚ್ಚಾಗಿ ಬ್ಯಾಟರಿಯನ್ನೂ ಬಿಸಿಲನ್ನೂ ನಂಬಿವೆ. ಬ್ಯಾಟರಿ ತೀರಿದರೆ ಹಡಗೇ ಹೋಗಬೇಕು. ಬಿಸಿಲಿನ ಫಲಕದ ಮೇಲೆ ಉಪ್ಪು ಕೂಡುತ್ತದೆ, ಹಕ್ಕಿಗಳು ಹೇಸಿಗೆ ಮಾಡುತ್ತವೆ. ಮುಂಗಾರಿನಲ್ಲಂತೂ ಸೂರ್ಯನೇ ಮರೆ. ಸುದ್ದಿ ಅತ್ಯಗತ್ಯವಾದಾಗಲೇ ಶಕ್ತಿ ಕುಂದುತ್ತದೆ. ಅಲೆಯ ರೀತಿಯಾದರೋ ಬೇರೆ. ಮೋಡ ಕವಿದು ಗಾಳಿ ಬೀಸಿದಾಗಲೇ ಅದರ ಬಲ. ಎತ್ತರ ಎರಡು ಪಾಲಾದರೆ ಶಕ್ತಿ ನಾಲ್ಕು ಪಾಲು.

ಇದನ್ನು ಮೊದಲು ದುಡಿಮೆಗೆ ಹಚ್ಚಿದವರಲ್ಲಿ ಜಪಾನಿನ ಯೋಶಿಯೊ ಮಸುದಾ ಪ್ರಮುಖರು. ತಳ ತೆರೆದ ಕೊಳವೆಯೊಳಗೆ ಅಲೆ ಏರಿದರೆ ಮೇಲಿನ ಗಾಳಿ ಹೊರನುಗ್ಗಿ ಚಕ್ರವನ್ನು ತಿರುಗಿಸುತ್ತದೆ. ಒಲೆಯೂದುವ ಕೊಳವೆಗೆ ಕಡಲೇ ಉಸಿರೂದಿದಂತೆ! ಹಡಗುಗಳಿಗೆ ದಾರಿ ತೋರುವ ಇಂಥ ತೇಲುದೀಪಗಳು 1965ರಿಂದ ಮಾರಾಟಕ್ಕೆ ಬಂದವು.

ನಮ್ಮ ದೇಶ ಮೊದಲು ದೊಡ್ಡದಕ್ಕೇ ಕೈಹಾಕಿತು. ಕೇರಳದ ವಿಳಿಂಜಂನಲ್ಲಿ 1991ರಲ್ಲಿ 150 ಕಿಲೋವಾಟಿನ ಸ್ಥಾವರ ಎದ್ದಿತು, ಬಹುಕಾಲ ಬಾಳಲಿಲ್ಲ. ಬಳಿಕ 2022ರ ನವೆಂಬರಿನಲ್ಲಿ ಮದರಾಸಿನ ಐ.ಐ.ಟಿ.ಯವರು ತೂತುಕುಡಿಯಿಂದ 6 ಕಿಲೋಮೀಟರ್ ದೂರದಲ್ಲಿ, 20 ಮೀಟರ್ ಆಳದ ನೀರಿನಲ್ಲಿ 'ಸಿಂಧುಜಾ-1' ಎಂಬ ಯಂತ್ರವನ್ನು ಪರೀಕ್ಷಿಸಿದರು. ನಡುವೆ ನೆಟ್ಟಗೆ ನಿಂತ ದಂಡ. ಅದರ ಸುತ್ತ ಅಲೆಯೊಡನೆ ಏರಿಳಿಯುವ ತೇಲುಬುರುಡೆ. ನಿಂತುದಕ್ಕೂ ಕುಣಿಯುವುದಕ್ಕೂ ನಡುವಿನ ಎಳೆದಾಟದಿಂದಲೇ ವಿದ್ಯುತ್ತು. ಹುಟ್ಟಿದ್ದು 100 ವಾಟ್, ಹಳೆಯ ಕಾಲದ ಒಂದು ಬಲ್ಬಿಗೆ ಸಾಲುವಷ್ಟು. ಊರನ್ನು ಬೆಳಗಲು ಅದು ಏತಕ್ಕೂ ಸಾಲದು; ಕಡಲಿನ ನಡುವೆ ಒಂಟಿಯಾಗಿ ಅಳೆಯುವ ಉಪಕರಣಕ್ಕೋ, ಅದು ಸಂಪತ್ತು. ಕಷ್ಟವೂ ಉಂಟು: ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಚಿಪ್ಪುಜೀವಿಗಳು ಮೈಗೆ ಅಂಟುತ್ತವೆ; ಅನ್ನವಿಡುವ ಅಲೆಯೇ ಬಿರುಗಾಳಿಯ ದಿನ ಯಂತ್ರವನ್ನು ಮುರಿಯಲೂ ಬಲ್ಲುದು.

ಕೂಲಿಯವನ ಬಾಳೂ ಇದರಂತೆಯೇ ಅಲ್ಲವೆ? ಅನ್ನವೂ ಅಪಾಯವೂ ಒಂದೇ ನೀರಿನಲ್ಲಿ.

ಶ್ರಾವಣ ಬಂದಿತು. ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದವು. ಪಡುವಣ ಕಡಲನ್ನು ಕಲಕಿದ ಗಾಳಿಯೇ ಘಟ್ಟದ ಮೇಲೆ ಮಳೆ ಸುರಿಸಿ, ತುಂಗಭದ್ರೆಯನ್ನು ಕೆಂಪಾಗಿ ತುಂಬಿಸಿತು. ಅಜ್ಜ ದಂಡೆಗೆ ಹೋಗಿ ಹೊಳೆಯ ಏರನ್ನು ಕಣ್ಣಿನಿಂದಲೇ ಅಳೆದು ಬಂದ. ಅಂದು ಸಂಜೆ ಫೋನಿನಲ್ಲಿ, ಊಟವಾಯಿತೇ ಎಂದು ಕೇಳುವುದಕ್ಕೂ ಮೊದಲು, ಅವನು ಕೇಳಿದ್ದು ಇಷ್ಟೆ:

"ಕಡಲಿನ ಯಂತ್ರ ಇವತ್ತು ಏನಂತೈತೋ ತಮ್ಮಾ?"