ಹುಯಿಲಿನ ಓಲೆಗಳು

ಹಳ್ಳಿಯಲ್ಲಿ ತಳವಾರನು ಡಂಗುರ ಹೊಡೆದು ಸಾರುತ್ತಿದ್ದ ಕಾಲದಲ್ಲಿ, ಸುದ್ದಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದುದು ಅದನ್ನು ಕಳುಹಿಸಿದವರ ಹೆಸರು. ಪಟೇಲರ ಅಪ್ಪಣೆಯೋ ಅಮಲ್ದಾರರ ಹುಕುಮೋ ಎಂಬುದು ತಿಳಿದ ಮೇಲೆಯೇ ಜನರು ಮಿಕ್ಕ ಮಾತಿಗೆ ಗಮನ ಕೊಡುತ್ತಿದ್ದರು. ಸಾರಿದುದು ಸುಳ್ಳಾದರೆ ಕೇಳುವುದಕ್ಕೆ ಒಬ್ಬ ಹೊಣೆಗಾರನಿದ್ದನು. ಇದರ ಜೊತೆಯಲ್ಲಿಯೇ ಇನ್ನೊಂದು ಬಗೆಯ ಸುದ್ದಿಯೂ ಓಡಾಡುತ್ತಿತ್ತು. ದೇವರ ಹೆಸರಿನಲ್ಲಿ ಅಂಚೆಯ ಕಾರ್ಡೊಂದು ಬರುವುದು. ಇದನ್ನು ಇಷ್ಟು ಮಂದಿಗೆ ಬರೆದು ಕಳುಹಿಸಿದರೆ ಶುಭ, ಹರಿದು ಹಾಕಿದರೆ ಅನಿಷ್ಟ ಎಂದು ಅದರಲ್ಲಿರುವುದು. ಬರೆದವನ ಹೆಸರಿಲ್ಲ, ಊರಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದನ್ನು ಕುಳಿತು ನಕಲು ಮಾಡುತ್ತಿದ್ದರು. ಅದಕ್ಕೆ ಕಾರಣ ನಂಬಿಕೆಯಲ್ಲ; ಒಂದು ವೇಳೆ ನಿಜವಾಗಿದ್ದರೆ ಎಂಬ ಅಳುಕು.

ಮಿಂಚಂಚೆ ಬಂದ ಮೇಲೆ ಈ ಕಾರ್ಡು ಸಾಯಲಿಲ್ಲ; ವೇಷವನ್ನು ಮಾತ್ರ ಬದಲಾಯಿಸಿತು. 1994ನೆಯ ಇಸವಿಯ ಕೊನೆಯಲ್ಲಿ ಅಮೆರಿಕೆಯಲ್ಲಿ ಒಂದು ಎಚ್ಚರಿಕೆ ಹಬ್ಬಿತು. ‘ಗುಡ್ ಟೈಮ್ಸ್’ ಎಂಬ ತಲೆಬರಹದ ಓಲೆಯನ್ನು ಓದಿದ ಮಾತ್ರಕ್ಕೆ ಗಣಕಯಂತ್ರದಲ್ಲಿರುವುದೆಲ್ಲ ಅಳಿಸಿಹೋಗುವುದೆಂದೂ, ಇದನ್ನು ಸ್ನೇಹಿತರಿಗೆಲ್ಲ ತಿಳಿಸಬೇಕೆಂದೂ ಅದರ ಸಾರಾಂಶ. ಮುಂದೆ ಬಂದ ನಕಲುಗಳಲ್ಲಿ ಆ ದೇಶದ ಸಂಪರ್ಕ ಇಲಾಖೆಯ ಹೆಸರೂ ಸೇರಿಕೊಂಡಿತು. ಆ ಇಲಾಖೆ ಹಾಗೆಂದು ಹೇಳಿರಲಿಲ್ಲ. ಅಂತಹ ವೈರಸ್ಸೂ ಇರಲಿಲ್ಲ. ಆಗಿನ ಓಲೆಗಳು ಬರಿಯ ಅಕ್ಷರಗಳು. ವೈರಸ್ಸೆಂದರೆ ಒಂದು ಕಾರ್ಯಕ್ರಮ; ಯಂತ್ರವು ಅದನ್ನು ನಡೆಸಿದ ಹೊರತು ಅದರಿಂದ ಕೇಡಿಲ್ಲ. ಆದರೂ ಹುಯಿಲು ವರ್ಷಗಟ್ಟಲೆ ಸುತ್ತಿತು.

ಹಾಗೆಂದು ಎಲ್ಲವೂ ಸುಳ್ಳೆಂದು ನಕ್ಕು ಕುಳಿತವರಿಗೂ ಬೇಗನೆ ಪಾಠವಾಯಿತು. 1999ರ ಮಾರ್ಚ್ 26ರಂದು ಕಾಣಿಸಿಕೊಂಡ ‘ಮೆಲಿಸಾ’ ಒಂದು ವರ್ಡ್ ಕಡತದಲ್ಲಿ ಅಡಗಿತ್ತು. ಅದನ್ನು ತೆರೆದವನ ವಿಳಾಸಪಟ್ಟಿಯಲ್ಲಿನ ಮೊದಲ 50 ವಿಳಾಸಗಳಿಗೆ ಅವನ ಹೆಸರಿನಿಂದಲೇ ಓಲೆ ಕಳುಹಿಸುತ್ತಿತ್ತು. 2000ದ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಪ್ರೇಮಪತ್ರದ ವೇಷದಲ್ಲಿ ಬಂದಿತು. ಕಡತದ ಹೆಸರಿನ ಕೊನೆಯ ಮೂರಕ್ಷರಗಳನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ, ಅದು ಸಾಧಾರಣ ಬರೆಹದಂತೆ ತೋರಿ, ತೆರೆದವರ ಚಿತ್ರಗಳನ್ನೂ ಬೇರೆ ಕಡತಗಳನ್ನೂ ಹಾಳುಮಾಡಿತು. ಓದಿದರೆ ಸಾಕು ಕೇಡಾಗುವುದೆಂಬ ಮಾತೂ ಸಹ 1999ರ ನವೆಂಬರಿನಲ್ಲಿ ‘ಬಬಲ್‌ಬಾಯ್’ ಎಂಬುದರಿಂದ ಸಾಧ್ಯವಾಯಿತು. ಲಗತ್ತನ್ನು ಮುಟ್ಟದೆ, ಓಲೆಯನ್ನು ತೆರೆದರೇ ಅದು ತಗಲುತ್ತಿತ್ತು. ಆದುದರಿಂದ ‘ಇಂತಹುದು ಅಸಾಧ್ಯ’ ಎಂಬ ಜಾಣತನವನ್ನೇ ನೆಚ್ಚುವಂತಿಲ್ಲ. ಇಂದಿನ ಅಸಾಧ್ಯವು ನಾಳೆಯ ಸಾಧ್ಯವಾಗಬಹುದು.

ಕಣ್ಣಾರೆ ಕಂಡ ಸಾಕ್ಷ್ಯವನ್ನು ನೆಚ್ಚಬಹುದೇ ಎಂದರೆ, ಅದೂ ಇಲ್ಲ. 2002ರಲ್ಲಿ ಸುತ್ತಿದ ಒಂದು ಓಲೆಯು ಕರಡಿಮರಿಯ ಚಿತ್ರವುಳ್ಳ ಒಂದು ಕಡತವನ್ನು ಹೆಸರಿಸಿ, ‘ಇದು ವೈರಸ್ಸು, ನಿಮ್ಮ ಯಂತ್ರದಲ್ಲಿಯೂ ಇರಬಹುದು, ಹುಡುಕಿ ಅಳಿಸಿರಿ’ ಎಂದಿತು. ಹುಡುಕಿದವರಿಗೆ ಕರಡಿಮರಿ ನಿಜವಾಗಿಯೂ ಸಿಕ್ಕಿತು! ಸಿಗದೆ ಏನು? ಅದು ವಿಂಡೋಸಿನ ಜೊತೆಯಲ್ಲಿಯೇ ಬರುತ್ತಿದ್ದ, ಜಾವಾ ಕಾರ್ಯಕ್ರಮಗಳ ದೋಷವನ್ನು ಹುಡುಕುವ ಉಪಕರಣ. ಹಿಂದಿನ ವರ್ಷ, ಉದ್ದ ಹೆಸರಿನ ಕಡತಗಳನ್ನು ಕಾಪಾಡುವ ಇನ್ನೊಂದು ಉಪಕರಣಕ್ಕೂ ಇದೇ ಗತಿಯಾಗಿತ್ತು. ಇಲ್ಲಿ ವೈರಸ್ಸು ಯಂತ್ರದಲ್ಲಿರಲಿಲ್ಲ, ಓಲೆಯಲ್ಲಿತ್ತು; ಅದು ನಡೆದುದು ಮನುಷ್ಯನ ಕೈಯಿಂದ, ಹರಡಿದುದು ಅವನ ಸ್ನೇಹದಿಂದ.

ಹಾಗಾದರೆ ಗುರುತೇನು? ಮತ್ತೆ ತಳವಾರನ ಡಂಗುರವನ್ನೇ ನೆನೆಯಬೇಕು. ನಿಜವಾದ ಎಚ್ಚರಿಕೆಗೆ ಹೊರಡಿಸಿದವರಿರುತ್ತಾರೆ, ತಾರೀಖಿರುತ್ತದೆ. ಯಾವ ತಂತ್ರಾಂಶ, ಅದರ ಯಾವ ಆವೃತ್ತಿ, ಯಾವ ತಿದ್ದುಪಡಿಯನ್ನು ಹಾಕಿಕೊಳ್ಳಬೇಕು ಎಂಬ ವಿವರವಿರುತ್ತದೆ. ಅದು ಹೊರಡಿಸಿದವರ ಸ್ವಂತ ತಾಣದಲ್ಲಿಯೂ ಪ್ರಕಟವಾಗಿರುತ್ತದೆ. ಅಮೆರಿಕೆಯ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1988ರಲ್ಲಿ ಆರಂಭವಾದ ‘ಸರ್ಟ್’ ಸಂಸ್ಥೆ ಮೆಲಿಸಾ ಮೊದಲಾದುವುಗಳ ವಿಷಯದಲ್ಲಿ ಹೀಗೆಯೇ ಸಾರಿತು. ಭಾರತದಲ್ಲಿ 2004ರಿಂದ ‘ಸರ್ಟ್-ಇನ್’ ಈ ಕೆಲಸವನ್ನು ಮಾಡುತ್ತಿದೆ. ಸುಳ್ಳು ಹುಯಿಲಿಗೆ ತಾರೀಖಿಲ್ಲ. ‘ನಿನ್ನೆ ತಾನೇ ಪ್ರಕಟವಾಯಿತು’ ಎಂದಿರುತ್ತದೆ, ಆ ನಿನ್ನೆ ಹತ್ತು ವರ್ಷವಾದರೂ ನಿನ್ನೆಯೇ. ದೊಡ್ಡ ಸಂಸ್ಥೆಗಳ ಹೆಸರಿರುತ್ತದೆ, ಹೋಗಿ ಕೇಳುವ ದಾರಿಯಿರುವುದಿಲ್ಲ. ಮದ್ದಿಲ್ಲದ ರೋಗವೆಂದು ಹೆದರಿಸಿ, ಕೊನೆಗೆ ಎಲ್ಲರಿಗೂ ಕಳುಹಿಸಿರೆಂದು ಬೇಡುತ್ತದೆ. ಈಚೆಗೆ ಮೂರನೆಯ ಜಾತಿಯೊಂದು ಹುಟ್ಟಿದೆ: ಯಂತ್ರಕ್ಕೆ ವೈರಸ್ಸು ತಗಲಿದೆ, ಈ ಸಂಖ್ಯೆಗೆ ಫೋನು ಮಾಡಿರಿ ಎಂದು ತೆರೆಯ ಮೇಲೆ ಕೂಗಿಕೊಂಡು, ಕರೆದವರ ಹಣವನ್ನು ದೋಚುವುದು. ಎಚ್ಚರಿಕೆಯೊಳಗೇ ಬರೆದ ಸಂಖ್ಯೆಯಿಂದ ಎಚ್ಚರಿಕೆಯನ್ನು ಪರೀಕ್ಷಿಸುವುದೆಂದರೆ ಕಳ್ಳನನ್ನೇ ಸಾಕ್ಷಿ ಕೇಳಿದಂತೆ. ಹಣ ಹೋದವರು ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡುವುದು ಉಚಿತ.

ಇವೆಲ್ಲ ತಿಳಿದವನಿಗೂ ಒಂದು ಕಷ್ಟ ಉಳಿಯುವುದು. ಹುಯಿಲು ಬರುವುದು ಅಪರಿಚಿತರಿಂದಲ್ಲ, ಊರಿನಲ್ಲಿರುವ ಸೋದರಮಾವನಿಂದ. ಅವರಿಗೆ ಲಾಭವೇನೂ ಇಲ್ಲ. ಅಳಿಯನ ಯಂತ್ರ ಕೆಡಬಾರದೆಂಬ ಅಕ್ಕರೆ ಮಾತ್ರ. ‘ಇದು ಸುಳ್ಳು’ ಎಂದು ಹತ್ತು ಮಂದಿಯ ಎದುರಿಗೆ ತಿರುಗಿ ಬರೆದರೆ ಅಕ್ಕರೆಗೇ ಪೆಟ್ಟಾಗುವುದು. ಸುಮ್ಮನಿದ್ದರೆ ಸುಳ್ಳು ಬೆಳೆಯುವುದು. ವಿವೇಕಿಯಾದ ಅಳಿಯನು ಅವರೊಬ್ಬರಿಗೇ, ‘ಮಾವ, ತಾವು ನೆನೆಸಿಕೊಂಡು ಬರೆದುದು ಸಂತೋಷ. ವಿಚಾರಿಸಿದೆ, ಇದು ಹಳೆಯ ಸುಳ್ಳು. ಯಂತ್ರ ಕ್ಷೇಮವಾಗಿದೆ. ಮುಂದೆ ಇಂತಹುದು ಬಂದರೆ ಮೊದಲು ನನಗೊಂದು ಮಾತು ತಿಳಿಸಿರಿ’ ಎಂದು ಬರೆಯುವನು. ಸುಳ್ಳು ಅಲ್ಲಿಗೆ ನಿಲ್ಲುವುದು, ನಂಟು ನಿಲ್ಲುವುದಿಲ್ಲ.

ಇದು ಬರಿಯ ಉಪಚಾರದ ಮಾತಲ್ಲ. ಹುಲಿ ಬಂತೆಂದು ಕೂಗಿದ ಹುಡುಗನ ಕಥೆಯಲ್ಲಿ ನಿಜವಾದ ಹುಲಿಯೂ ಬರುತ್ತದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನ ಒಂದು ರಂಧ್ರವನ್ನು ಮುಚ್ಚುವ ತಿದ್ದುಪಡಿಯನ್ನು ಹೊರಡಿಸಿ, ವಿಷಯ ಗಂಭೀರವೆಂದು ತಿಳಿಸಿತು. ಅದರಲ್ಲಿ ಕರಡಿಮರಿಯಿರಲಿಲ್ಲ, ಕೂಗಾಟವಿರಲಿಲ್ಲ; ಹತ್ತು ಮಂದಿಗೆ ಕಳುಹಿಸಿರೆಂಬ ಮಾತೂ ಇರಲಿಲ್ಲ. ಅನೇಕರು ಅದನ್ನು ಹಾಕಿಕೊಳ್ಳಲಿಲ್ಲ. ಮೇ 12ರಂದು ‘ವಾನ್ನಾಕ್ರೈ’ ಅದೇ ರಂಧ್ರದಿಂದ ನುಗ್ಗಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಗಣಕಯಂತ್ರಗಳು ಬೀಗ ಬಿದ್ದಂತೆ ನಿಂತುವು. ಸಾವಿರಾರು ರೋಗಿಗಳಿಗೆ ಕೊಟ್ಟಿದ್ದ ವೇಳೆ ರದ್ದಾಯಿತು. ಕೂಗಿ ಬಂದ ಸುಳ್ಳನ್ನು ಮನೆಮನೆಗೂ ಹಂಚಿದ ಲೋಕವು, ಮೆಲ್ಲನೆ ಬಂದ ಸತ್ಯವನ್ನು ಎರಡು ತಿಂಗಳು ಬಾಗಿಲಲ್ಲಿಯೇ ನಿಲ್ಲಿಸಿತ್ತು.