ಗೊತ್ತಿದ್ದದ್ದಕ್ಕೆ ದೊಡ್ಡ ಅಕ್ಷರ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಎರಡು ರಾಜ್ಯಗಳ ಸರಕಾರಿ ಬಸ್ಸುಗಳೂ ಈ ದಾರಿಯಲ್ಲಿ ಓಡುತ್ತವೆ. ಕೇರಳದ ಬಸ್ಸು ಹತ್ತಿದರೆ ಕಿಟಕಿಯ ಹತ್ತಿರ ‘ಕೈಯ್ಯುಂ ತಲೆಯುಂ ಪುರತ್ತಿಡರುದ್’ ಎಂದು ಮಲಯಾಳ ಅಕ್ಷರದಲ್ಲಿ ಬರೆದಿರುತ್ತದೆ. ಕರ್ನಾಟಕದ ಬಸ್ಸಿನಲ್ಲಿ ಅದೇ ಮಾತು ಕನ್ನಡದಲ್ಲಿ. ಗಡಿಯ ತಲಪಾಡಿ ದಾಟುವ ಹೊತ್ತಿಗೆ ಆ ಬರಹವನ್ನು ಓದಿ ಕೈ ಒಳಗೆಳೆದುಕೊಂಡವರನ್ನು ನಾನು ಕಂಡಿಲ್ಲ. ಓಡುವ ಬಸ್ಸಿನಿಂದ ತಲೆ ಹೊರಗೆ ಹಾಕಬಾರದೆಂದು ಎರಡನೆಯ ಕ್ಲಾಸಿನ ಮಗುವಿಗೂ ಗೊತ್ತು. ಹಾಕುವವರು ಗೊತ್ತಿದ್ದೇ ಹಾಕುತ್ತಾರೆ.

ಗಡಿನಾಡಿನಲ್ಲಿ ಇಂಥ ಎಚ್ಚರಿಕೆಗಳು ನಮಗೆ ಇಮ್ಮಡಿಯಾಗಿ, ಕೆಲವೊಮ್ಮೆ ನಾಲ್ಕು ಮಡಿಯಾಗಿ ಸಿಗುತ್ತವೆ. ಹೊಸ ಚಪ್ಪಲಿಯ ಪೆಟ್ಟಿಗೆಯೊಳಗಿನ ಸಣ್ಣ ಪೊಟ್ಟಣ ‘ತಿನ್ನಬೇಡಿ’ ಎನ್ನುತ್ತದೆ. ನೆಲಗಡಲೆಯ ಪ್ಯಾಕೆಟ್ಟು ‘ಇದರಲ್ಲಿ ನೆಲಗಡಲೆ ಇದೆ’ ಎನ್ನುತ್ತದೆ. ಇಸ್ತ್ರಿಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆ ಮೈಮೇಲಿರುವ ಬಟ್ಟೆಗೆ ಇಸ್ತ್ರಿ ಹಾಕಬೇಡಿ ಎನ್ನುತ್ತದೆ. ಇವುಗಳನ್ನು ನೋಡಿ ನಗುವವರು ಬಹಳ ಮಂದಿ. ನನಗೆ ನಗು ಬರುವುದಿಲ್ಲ, ಬೇಸರ ಬರುತ್ತದೆ. ಒಂದು ಬಾಟಲಿಯ ಮೈಮೇಲೆ, ಒಂದು ಪ್ಯಾಕೆಟ್ಟಿನ ಬೆನ್ನ ಮೇಲೆ ಬರೆಯಲು ಇರುವ ಜಾಗ ಅಂಗೈಯಷ್ಟು. ಗೊತ್ತಿರುವ ಮಾತು ಅಲ್ಲಿ ದೊಡ್ಡ ಅಕ್ಷರದಲ್ಲಿ ಕೂತರೆ, ಗೊತ್ತಿಲ್ಲದ ಮಾತಿಗೆ ಉಳಿಯುವುದು ಅಂಚಿನ ಸಾಸಿವೆ ಅಕ್ಷರ. ಅದೂ ನಮ್ಮ ಹಿರಿಯರು ಓದಲಾರದ ಲಿಪಿಯಲ್ಲಿ.

ನಮ್ಮೂರಿನ ಔಷಧದಂಗಡಿಯಲ್ಲಿ ಮಳೆಗಾಲದ ಒಂದು ದಿನ ನಡೆದದ್ದು. ಅಜ್ಜಿಯೊಬ್ಬರು ಮೊಮ್ಮಗನ ಜೊತೆ ನಿಂತಿದ್ದರು. ಮನೆಯಲ್ಲಿ ಸಣ್ಣ ಮಗುವಿಗೆ ಭೇದಿ. ಕೈಯಲ್ಲಿ ಓಆರ್‌ಎಸ್ ಪ್ಯಾಕೆಟ್ಟು.

“ಮಗಾ, ಇದು ಎಷ್ಟು ನೀರಿಗೆ ಹಾಕುವುದು?”

ಹುಡುಗ ದೊಡ್ಡ ಅಕ್ಷರ ಹುಡುಕಿ ಓದಿದ. “ನೀರಿನಲ್ಲಿ ಕರಗಿಸಿ ಕುಡಿಯಬೇಕು ಅಂತ ಉಂಟು ಅಜ್ಜಿ.”

“ಅದು ನನಗೆ ಗೊತ್ತುಂಟು. ಎಷ್ಟು ನೀರು ಅಂತ ಓದು.”

ಅಂಗಡಿಯವರೇ ಮಲಯಾಳದಲ್ಲಿ ಹೇಳಿದರು: “ಒರು ಲಿಟ್ಟರ್, ಅಮ್ಮೇ. ಮುಳುವನ್ ಪ್ಯಾಕೆಟ್ಟುಂ.”

“ಇಡೀ ಪ್ಯಾಕೆಟ್ ಒಟ್ಟಿಗೆಯಾ? ನಾನು ಒಂದೊಂದು ಲೋಟಕ್ಕೆ ಅರ್ಧರ್ಧ ಹಾಕ್ತಿದ್ದೆನಲ್ಲ!”

ಅಜ್ಜಿ ಕೇಳಿದ ಪ್ರಶ್ನೆಯಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅದು ಸರಿಯಾಗಿ 1 ಲೀಟರ್ ನೀರಿಗೆ. ನೀರು ಕಡಿಮೆಯಾದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ ಅಪಾಯ, ಹೆಚ್ಚಾದರೆ ಕೊಟ್ಟೂ ಪ್ರಯೋಜನವಿಲ್ಲ. ಕಲಸಿದ್ದನ್ನು 24 ಗಂಟೆಯ ಮೇಲೆ ಇಟ್ಟುಕೊಳ್ಳಬಾರದು. 200 ಮಿಲಿಲೀಟರಿಗೆ ಆಗುವ ಚಿಕ್ಕ ಪ್ಯಾಕೆಟ್ಟುಗಳೂ ಅದೇ ಅಂಗಡಿಯ ಅದೇ ಡಬ್ಬಿಯಲ್ಲಿ ಇರುತ್ತವೆ, ನೋಡಲು ಅಣ್ಣ ತಮ್ಮಂದಿರಂತೆ. ಕರಗಿಸಿ ಕುಡಿಯಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಷ್ಟು ನೀರು ಎಂಬುದನ್ನು ಎಲ್ಲರಿಗೂ ಹೇಳಲೇಬೇಕು.

ಜ್ವರದ ಸಿರಪ್ಪಿನ ಕಥೆ ಇನ್ನೂ ಗಂಭೀರ. ‘ಚೆನ್ನಾಗಿ ಕುಲುಕಿ’, ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಎರಡು ಮಾತು ಎಲ್ಲ ಬಾಟಲಿಗಳಲ್ಲೂ ಇವೆ. ಆದರೆ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದು ಒಂದು ಬಗೆ, 250 ಇರುವುದು ಇನ್ನೊಂದು. ಹಸುಳೆಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ 1 ಮಿಲಿಲೀಟರಿನಲ್ಲೇ 100 ಮಿಲಿಗ್ರಾಂ ಇರುತ್ತದೆ. ಸಣ್ಣ ಮಗುವಿನ ಮದ್ದು, ಹಾಗಾಗಿ ಸೌಮ್ಯವಾಗಿರುತ್ತದೆ ಎಂದುಕೊಂಡು ಡ್ರಾಪ್ಸನ್ನು ಚಮಚದಲ್ಲಿ ಕೊಟ್ಟರೆ, 5 ಮಿಲಿಲೀಟರಿನ ಒಂದು ಚಮಚದಲ್ಲಿ ದೊಡ್ಡವರ 500ರ ಮಾತ್ರೆಯಷ್ಟು ಮದ್ದು ಹೋಗುತ್ತದೆ. ಯಾವ ತಾಯಿಯೂ ಊಹೆಯಿಂದ ತಿಳಿಯಬಹುದಾದ ಸಂಗತಿ ಇದಲ್ಲ. ಬಾಟಲಿಯ ಮೇಲೆ ಅದು ಇದೆ, ಇಂಗ್ಲಿಷಿನಲ್ಲಿ, ಇರುವೆಗಾತ್ರದಲ್ಲಿ. ಪುಡಿಯಾಗಿ ಬರುವ ಮಕ್ಕಳ ಆ್ಯಂಟಿಬಯೋಟಿಕ್ಕಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ತುಂಬಬೇಕು, ಹಲವು ಬಗೆಯವನ್ನು ಕಲಸಿದ ಮೇಲೆ 7 ದಿನದೊಳಗೆ ಮುಗಿಸಬೇಕು. ಉಳಿದ ಅರ್ಧ ಬಾಟಲಿಯನ್ನು ಮುಂದಿನ ಜ್ವರಕ್ಕೆಂದು ತೆಗೆದಿಡುವ ಮನೆಗಳು ನಮ್ಮ ಕಡೆ ಎಷ್ಟೋ ಇವೆ.

ನಮ್ಮಲ್ಲಿ ಇದಕ್ಕೊಂದು ಗಡಿಯ ತೊಡಕೂ ಸೇರಿಕೊಳ್ಳುತ್ತದೆ. ದೊಡ್ಡ ಕಾಯಿಲೆಗೆ ನಾವು ಹೋಗುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದು ಎಷ್ಟು ಕಟುಸತ್ಯವೆಂದು ಕಾಸರಗೋಡಿನ ಮನೆಮನೆಗೂ ಗೊತ್ತಾಯಿತು. ಡಾಕ್ಟರು ಅಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾರೆ, ಅಜ್ಜ ತಲೆಯಾಡಿಸಿ ಬರುತ್ತಾರೆ. ತಿಂಗಳ ನಂತರ ಅದೇ ಚೀಟಿ ಹಿಡಿದು ಮದ್ದು ಕೊಳ್ಳುವುದು ಇಲ್ಲಿ. ಅಂಗಡಿಯ ಹುಡುಗಿ ಮಾತ್ರೆಯ ಪಟ್ಟಿಯ ಬೆನ್ನಿಗೆ ಪೆನ್ನಿನಲ್ಲಿ 1-0-1 ಎಂದು ಬರೆದು ಕೊಡುತ್ತಾಳೆ. ಗಡಿಯ ಎರಡು ಕಡೆಗೂ ಅರ್ಥವಾಗುವ ಬರಹ ಅದೊಂದೇ. ಅದನ್ನು ಕಂಡುಹಿಡಿದವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡುವುದು ಎಂಬುದಕ್ಕೆ ಆ ಮೂರು ಅಂಕಿಗಳಲ್ಲಿ ಜಾಗವಿಲ್ಲ.

ಅತಿಯಾದ ಎಚ್ಚರಿಕೆಗೆಲ್ಲ ಅಮೆರಿಕದ ಕಾಫಿ ಮೊಕದ್ದಮೆಯೇ ಮೂಲ ಎಂದು ಹೇಳುವವರಿದ್ದಾರೆ. 1992ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ 79 ವರ್ಷದ ಅಜ್ಜಿಯೊಬ್ಬರ ಮಡಿಲಿಗೆ ಮೆಕ್‌ಡೊನಾಲ್ಡ್ಸ್‌ನ ಕಾಫಿ ಚೆಲ್ಲಿತು. 1994ರಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಕಾಫಿ ಬಿಸಿ ಎಂದು ಗೊತ್ತಿಲ್ಲದ ಮುದುಕಿ ಎಂದು ಜಗತ್ತೆಲ್ಲ ಆಡಿಕೊಂಡಿತು. ಅದು ಅನ್ಯಾಯದ ಮಾತು. ಆ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಟ್ಟಿದ್ದರು. ಅಜ್ಜಿಗೆ ಮೂರನೆಯ ದರ್ಜೆಯ ಸುಟ್ಟಗಾಯಗಳಾಗಿ ಚರ್ಮ ಕಸಿ ಮಾಡಬೇಕಾಯಿತು. ಲೋಟದ ಮೇಲೆ ಎಚ್ಚರಿಕೆ ಇತ್ತು, ಅದು ಸಾಲದೆಂದು ಜ್ಯೂರಿ ಹೇಳಿತು. ಕಾಫಿ ಬಿಸಿಯೆಂದು ಎಲ್ಲರಿಗೂ ಗೊತ್ತು. ಚೆಲ್ಲಿದ ಕೆಲವೇ ಸೆಕೆಂಡುಗಳಲ್ಲಿ ಚರ್ಮದ ಆಳಕ್ಕೆ ಸುಡುವಷ್ಟು ಬಿಸಿಯೆಂದು ಕುಡಿಯುವವರಿಗೆ ಗೊತ್ತಿರಲಿಲ್ಲ. ನಮ್ಮ ಔಷಧದಂಗಡಿಯ ಅಜ್ಜಿ ಕೇಳಿದ ‘ಎಷ್ಟು’ ಇಲ್ಲಿಯೂ ಇದೆ.

ನಮ್ಮ ದೇಶದ ಕಾನೂನು ಇದನ್ನು ಬಲ್ಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಮಿನ ಪ್ರಕಾರ, ಹಾನಿಯಾಗದಂತೆ ಬಳಸುವುದು ಹೇಗೆಂದು ಸಾಕಷ್ಟು ಸೂಚನೆ ಕೊಡದ ತಯಾರಕ ಹೊಣೆಗಾರನಾಗುತ್ತಾನೆ. ಬಳಸುವವರಿಗೆ ಸ್ಪಷ್ಟವಾಗಿ ಕಾಣುವ, ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವ ಅಪಾಯದ ಬಗ್ಗೆ ಎಚ್ಚರಿಸದಿದ್ದರೆ ಹೊಣೆಯಿಲ್ಲವೆಂದು 87ನೆಯ ಕಲಮು ಹೇಳುತ್ತದೆ. ಎಂದರೆ, ಕಾನೂನಿಗೆ ಬೇಡವಾದದ್ದು ನಮ್ಮ ಪ್ಯಾಕೆಟ್ಟುಗಳ ಮೇಲೆ ದೊಡ್ಡದಾಗಿದೆ, ಬೇಕಾದದ್ದು ಚಿಕ್ಕದಾಗಿದೆ. ಇನ್ನು ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ. 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಸೇರಿಸಲೇಬೇಕೆಂಬ ಒತ್ತಾಯವೂ ಇಲ್ಲ.

ವಿದ್ಯುತ್ ಕಂಬದ ಮೇಲಿನ ತಲೆಬುರುಡೆಯ ಫಲಕ ಎಲ್ಲರೂ ಕಂಡದ್ದೇ. 1956ರ ವಿದ್ಯುತ್ ನಿಯಮಗಳು ಆ ಫಲಕದಲ್ಲಿ ಹಿಂದಿ ಅಥವಾ ಇಂಗ್ಲಿಷ್, ಜೊತೆಗೆ ‘ಜಿಲ್ಲೆಯ ಸ್ಥಳೀಯ ಭಾಷೆ’ ಇರಬೇಕೆಂದವು. ಒಳ್ಳೆಯ ನಿಯಮ. ಆದರೆ ಜಿಲ್ಲೆಗೊಂದೇ ಭಾಷೆ ಎಂದು ಅದು ಭಾವಿಸಿತ್ತು. ಅದೇ ವರ್ಷದ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಇಲ್ಲಿ ಸ್ಥಳೀಯ ಭಾಷೆ ಯಾವುದು? ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕರ ಮಾತು ಎಲ್ಲ ಇವೆ. ಕನ್ನಡ ಮಾಧ್ಯಮದಲ್ಲಿ ಕಲಿತ ಇವರೆಲ್ಲರೂ ಓದುವ ಲಿಪಿ ಕನ್ನಡ. ಹಾಗಾಗಿ ಇಲ್ಲಿ ಹಾಕುವ ಒಂದು ಕನ್ನಡ ಸಾಲು ಐದಾರು ಭಾಷೆಯವರನ್ನು ತಲುಪುತ್ತದೆ. ಪೇಟೆಯಲ್ಲಿ ಇವರು ಮಲಯಾಳವನ್ನು ನಿರಾಯಾಸವಾಗಿ ಮಾತಾಡುವುದನ್ನು ಕೇಳಿದ ಅಧಿಕಾರಿಗಳು ಓದಲೂ ಬರುತ್ತದೆ ಎಂದುಕೊಳ್ಳುತ್ತಾರೆ. ಅರುವತ್ತು ದಾಟಿದ ಅನೇಕರಿಗೆ ಬರುವುದಿಲ್ಲ. ಮೊಮ್ಮಕ್ಕಳಿಗೆ ಬರುತ್ತದೆ, ಆದರೆ ಮೊಮ್ಮಕ್ಕಳು ಹಗಲು ಶಾಲೆಯಲ್ಲಿರುತ್ತಾರೆ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಈ ನೆಲದ ಮೇಲೆಯೇ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆ, ಸ್ವರ್ಗ, ಬೆಳ್ಳೂರು, ಮುಳಿಯಾರಿನ ಕಡೆ ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಬಾವಿ, ಸುರಂಗ, ತೋಡು. ಮೇಲಿನಿಂದ ಬಿದ್ದದ್ದು ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ವಿಷ ಎಂಬ ಪದ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಈ ವಿಷ ಎಷ್ಟು ದೂರ ಹೋಗುತ್ತದೆ, ಎಷ್ಟು ಕಾಲ ಮಣ್ಣಿನಲ್ಲಿ ನಿಲ್ಲುತ್ತದೆ, ಹುಟ್ಟುವ ಮಗುವಿಗೆ ಏನು ಮಾಡುತ್ತದೆ ಎಂಬುದನ್ನು ಯಾರೂ ಆ ಮನೆಗಳಿಗೆ ಹೋಗಿ ಹೇಳಲಿಲ್ಲ. ಪಡ್ರೆಯ ಪತ್ರಕರ್ತ ಶ್ರೀಪಡ್ರೆ, ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ಮೊದಲಾದವರು ವರ್ಷಗಟ್ಟಲೆ ಬರೆದು ಕೂಗಿ ಹೇಳಿದ ಮೇಲೆ ಲೋಕ ತಿರುಗಿ ನೋಡಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ 13ರಂದು. ಅಂಗಳದಲ್ಲಿ ಎದ್ದು ಕೂರಲಾರದ ಮಕ್ಕಳಿರುವ ಆ ಮನೆಗಳಿಗೆ ಹೋಗಿ ಬಂದವರಿಗೆ, ಹೇಳದೆ ಬಿಟ್ಟ ಸೂಚನೆಯ ಬೆಲೆ ಎಷ್ಟೆಂದು ಬೇರೆ ವಿವರಿಸಬೇಕಾಗಿಲ್ಲ.

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಒಂದು ಗುರುತಿರುತ್ತದೆ. 1971ರ ಕೀಟನಾಶಕ ನಿಯಮಗಳು ತಂದದ್ದು. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಇನ್ನೂ ಕೆಳಗೆ, ಕೊನೆಗೆ ಹಸಿರು. ಓದು ಬಾರದವರಿಗೆ ಬಣ್ಣದಲ್ಲಿ ಹೇಳಬೇಕೆಂದು ಯೋಚಿಸಿದ್ದು ನಿಜಕ್ಕೂ ದೊಡ್ಡ ಮಾತು. ಆದರೆ ಬಣ್ಣಗಳ ಅರ್ಥ ಹೇಳಿಕೊಡುವವರು ಬೇಕಲ್ಲ? ಹಸಿರೆಂದರೆ ಅಪಾಯವಿಲ್ಲವೆಂದು ತಿಳಿದು ಬರಿಗೈಯಲ್ಲಿ ಕಲಸುವವರನ್ನು ನಾನು ತೋಟಗಳಲ್ಲಿ ಕಂಡಿದ್ದೇನೆ. ಹಸಿರೂ ವಿಷವೇ, ತೀವ್ರತೆ ಕಡಿಮೆ ಅಷ್ಟೆ. ಅದೇ ನಿಯಮಗಳ ಪ್ರಕಾರ ಡಬ್ಬಿಯ ಜೊತೆಗಿನ ಕರಪತ್ರ ಹಿಂದಿ, ಇಂಗ್ಲಿಷ್ ಮತ್ತು ಮಾರುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕು. ‘ಒಂದೆರಡು’ ಎಂದು ನಿಯಮವೇ ಹೇಳುತ್ತದೆ, ನಮ್ಮ ಜಿಲ್ಲೆಗೆಂದೇ ಬರೆದ ಹಾಗೆ. ಕಂಪನಿಗಳು ಹತ್ತಾರು ಭಾಷೆಗಳನ್ನು ಒಂದೇ ಹಾಳೆಗೆ ತುರುಕುತ್ತವೆ, ಕನ್ನಡವೂ ಇರುತ್ತದೆ, ಭೂತಗನ್ನಡಿ ಬೇಕು. ಕೊಯ್ಲಿಗೆ ಎಷ್ಟು ದಿನ ಮೊದಲು ಸಿಂಪಡಣೆ ನಿಲ್ಲಿಸಬೇಕು ಎಂಬ ಅತಿ ಮುಖ್ಯ ಸಾಲು ಆ ಮಡಿಕೆಯೊಳಗೆ ಅಡಗಿರುತ್ತದೆ.

ಒಳ್ಳೆಯ ಸೂಚನೆ ಹೇಗಿರಬೇಕೆಂದು ನಮ್ಮ ಅಡಿಕೆ ತೋಟಗಳಿಗೆ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗೆ ಅಲ್ಲ. ಕಬ್ಬಿಣದ ಪಾತ್ರೆ ಆಗದು. ಕಲಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದು ನೋಡಬೇಕು, ಕೆಂಪಗಿನ ತಾಮ್ರ ಅಂಟಿದ್ದರೆ ಇನ್ನೂ ಸುಣ್ಣ ಬೇಕು. ಇದನ್ನು ಹೇಳುವ ಯಾರೂ ‘ಮದ್ದು ಕುಡಿಯಬೇಡಿ’ ಎಂದು ಶುರುಮಾಡುವುದಿಲ್ಲ. ಎಷ್ಟು, ಯಾವುದಕ್ಕೆ ಯಾವುದು, ಸರಿಯಾಯಿತೆಂದು ತಿಳಿಯುವುದು ಹೇಗೆ, ಅಷ್ಟೇ. ಅಪ್ಪನಿಂದ ಮಗನಿಗೆ, ಮಗನಿಂದ ಮದ್ದು ಬಿಡುವ ಕೆಲಸದವರಿಗೆ, ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಅದು ಒಂದು ಅಳತೆಯೂ ತಪ್ಪದೆ ದಾಟಿ ಬಂದಿದೆ.

ಔಷಧದಂಗಡಿಗಳಿಗೆ ನಾನು ಕೇಳುವುದು ದೊಡ್ಡದೇನಲ್ಲ. ಕೌಂಟರಿನ ಮೇಲೆ ಎರಡು ಲಿಪಿಗಳಲ್ಲಿ ಅಚ್ಚಾದ ಸಣ್ಣ ಚೀಟಿಗಳ ಕಟ್ಟು ಇರಲಿ: ಎಷ್ಟು, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ. ಅಂಕಿ ತುಂಬಿ ಬಾಟಲಿಗೆ ಅಂಟಿಸಿ ಕೊಟ್ಟರೆ ಸಾಕು. ಅಡುಗೆ ಅನಿಲದ ಏಜೆನ್ಸಿಗಳು ಸಿಲಿಂಡರಿನ ಕೊರಳಪಟ್ಟಿಯಲ್ಲಿ ಬರೆದಿರುವ ಎ, ಬಿ, ಸಿ, ಡಿ ಎಂದರೆ ಮೂರು ಮೂರು ತಿಂಗಳಿನ, ವರ್ಷದ ನಾಲ್ಕು ಭಾಗಗಳೆಂದು, ‘ಬಿ-27’ ಎಂದಿದ್ದರೆ 2027ರ ಜೂನಿನೊಳಗೆ ಅದರ ಪರೀಕ್ಷೆ ಆಗಬೇಕೆಂದು, ಸೋರಿದರೆ 1906ಕ್ಕೆ ಫೋನ್ ಮಾಡಬೇಕೆಂದು ರಶೀದಿಯ ಹಿಂದೆ ಕನ್ನಡದಲ್ಲಿಯೂ ಅಚ್ಚು ಹಾಕಬಹುದು. ಪಂಚಾಯತಿನ ಕೃಷಿಭವನಗಳು ಕೀಟನಾಶಕದ ನಾಲ್ಕು ಬಣ್ಣಗಳ ಪಟ್ಟಿಯನ್ನು ಆಳೆತ್ತರದ ಅಕ್ಷರದಲ್ಲಿ ಮಲಯಾಳ, ಕನ್ನಡ ಎರಡರಲ್ಲೂ ಗೋಡೆಗೆ ಬರೆಸಲಿ. ಅಡಿಕೆಗೆ ಮೊದಲ ಮದ್ದು ಬಿಡುವುದು ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ. ಏಪ್ರಿಲಿನೊಳಗೆ ಬರೆಸಿದರೆ, ಮೈಲುತುತ್ತು ಒಯ್ಯಲು ಬರುವವರೆಲ್ಲ ಈ ವರ್ಷವೇ ಅದನ್ನು ಓದಿಕೊಂಡು ಹೋಗುತ್ತಾರೆ.